‘ಲೆಟ್ಸ್ ಟೇಬಲ್ ಇಟ್’: ಚರ್ಚೆಗೆ ಎತ್ತಿಕೊಳ್ಳೋಣವೆಂದೋ, ಬದಿಗಿಡೋಣವೆಂದೋ?

ಪ್ರಶ್ನೆ: ನಾನು ಗದಗ ಜಿಲ್ಲೆಯವಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಇಂಜಿನಿಯರಿಂಗ್ ಮುಗಿಸಿ, ಈಗ ಪುಣೆಯ ಹಿಂಜವಡಿಯಲ್ಲಿರುವ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೆಸ್ಟಿಂಗ್ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ನಮ್ಮ ಕ್ಲೈಂಟ್ ಅಮೆರಿಕದ ಡಲ್ಲಾಸ್‌ನವರು. ಕಳೆದ ತಿಂಗಳು ರಾತ್ರಿ ಎಂಟೂವರೆಯ ಕಾಲ್‌ನಲ್ಲಿ, ಹಳೆಯ ರಿಪೋರ್ಟುಗಳ ಟೆಸ್ಟಿಂಗನ್ನು ಆಟೊಮೇಟ್ ಮಾಡಬಹುದೆಂದು ಸಲಹೆ ಕೊಟ್ಟೆ. ಅಲ್ಲಿಯ ಮ್ಯಾನೇಜರ್ ‘ಗ್ರೇಟ್ ಪಾಯಿಂಟ್, ಲೆಟ್ಸ್ ಟೇಬಲ್ ಇಟ್’ ಎಂದರು. ಸಲಹೆ ಚರ್ಚೆಗೆ ಬಂತೆಂದು ಖುಷಿಯಾಗಿ ಶನಿವಾರ, ಭಾನುವಾರ ಕುಳಿತು ಸ್ಲೈಡುಗಳನ್ನು ಮಾಡಿ ಸೋಮವಾರ ಕಳಿಸಿದೆ. ‘ಐ ಥಾಟ್ ವಿ ಟೇಬಲ್ಡ್ ದಿಸ್’ ಎಂಬ ಒಂದೇ ಸಾಲಿನ ಉತ್ತರ ಬಂತು. ನಮ್ಮ ಲೀಡ್, ‘ಬೇಡವೆಂದದ್ದನ್ನು ಮತ್ತೆ ಯಾಕೆ ಎತ್ತಿದಿರಿ?’ ಎಂದು ಕೇಳಿದರು. ಮನೆಯಲ್ಲಿ ನಮ್ಮವರು, ‘ಲೋಕಸಭೆಯಲ್ಲಿ ವರದಿ ಟೇಬಲ್ ಮಾಡಿದರು ಎಂದರೆ ಮಂಡಿಸಿದರು ಎಂದೇ ಅರ್ಥ, ಅಮೆರಿಕದವರ ಇಂಗ್ಲಿಷೇ ತಪ್ಪು’ ಎನ್ನುತ್ತಾರೆ. ಯಾರ ಅರ್ಥ ಸರಿ? ನನ್ನ ಸಲಹೆ ಅಲ್ಲಿಗೇ ಮುಗಿಯಿತೇ? ಈಗ ಏನು ಮಾಡಬೇಕು? ವಾಕಡ್‌ನ ನಮ್ಮ ಹೌಸಿಂಗ್ ಸೊಸೈಟಿಗೆ ನಾನೇ ಸೆಕ್ರೆಟರಿ. ಅಲ್ಲಿಯ ಮಿನಿಟ್ಸ್‌ನಲ್ಲಿ ಪ್ರತಿವರ್ಷ ‘ಅಕೌಂಟ್ಸ್ ವರ್ ಟೇಬಲ್ಡ್’ ಎಂದು ಬರೆಯುತ್ತ ಬಂದಿದ್ದೇವೆ, ಅದೂ ತಪ್ಪೇ? ಅಂದಿನಿಂದ ಕಾಲ್‌ನಲ್ಲಿ ಬಾಯಿ ಬಿಡಲು ಅಂಜಿಕೆಯಾಗುತ್ತಿದೆ.

ಉತ್ತರ: ನಿಮ್ಮ ಇಂಗ್ಲಿಷ್ ತಪ್ಪಾಗಿರಲಿಲ್ಲ, ಡಲ್ಲಾಸ್‌ನ ಮ್ಯಾನೇಜರರ ಇಂಗ್ಲಿಷೂ ತಪ್ಪಾಗಿರಲಿಲ್ಲ. ‘ಟೇಬಲ್’ ಎಂಬುದನ್ನು ಕ್ರಿಯಾಪದವಾಗಿ ಬಳಸಿದಾಗ ಬ್ರಿಟನ್ನಿನಲ್ಲೂ ಭಾರತದಲ್ಲೂ ‘ವಿಷಯವನ್ನು ಸಭೆಯ ಮುಂದಿಡು’ ಎಂಬ ಅರ್ಥ ಬರುತ್ತದೆ. ಅಮೆರಿಕದಲ್ಲಿ ‘ವಿಷಯವನ್ನು ಸದ್ಯಕ್ಕೆ ಬದಿಗಿಡು’ ಎಂಬ ಅರ್ಥ ಬರುತ್ತದೆ. ಒಂದೇ ಮಾತಿಗೆ ಎರಡು ದೇಶಗಳಲ್ಲಿ ನೇರ ವಿರುದ್ಧವಾದ ಅರ್ಥಗಳು ನೆಲೆಗೊಂಡಿರುವ ಉದಾಹರಣೆಗಳು ಇಂಗ್ಲಿಷಿನಲ್ಲಿ ಹೆಚ್ಚಿಲ್ಲ; ಇರುವ ಕೆಲವೇ ಉದಾಹರಣೆಗಳಲ್ಲಿ ಕಚೇರಿಯ ಕೆಲಸಕ್ಕೆ ಅತಿ ಹೆಚ್ಚು ತೊಂದರೆ ಕೊಡುವುದು ಇದೇ. ಪುಣೆಯಲ್ಲಿ ಕಚೇರಿ ನೌಕರರಿಗೆ ವ್ಯವಹಾರದ ಇಂಗ್ಲಿಷ್ ಕಲಿಸುವ ನನ್ನ ತರಗತಿಗಳಿಗೆ ಈ ಪ್ರಶ್ನೆಯನ್ನು ಹೊತ್ತು ತರುವವರಲ್ಲಿ ಕಾನ್ವೆಂಟಿನಲ್ಲಿ ಓದಿದವರೂ ಇರುತ್ತಾರೆ. ಅವರೂ ನಿಮ್ಮಂತೆಯೇ ಭಾರತದ ಪತ್ರಿಕೆಗಳನ್ನು ಓದಿ ಬೆಳೆದವರು, ಅವರಿಗೂ ನಿಮಗಾದದ್ದೇ ಆಗುತ್ತದೆ. ಆದ್ದರಿಂದ ಕನ್ನಡ ಮಾಧ್ಯಮದ ಮೇಲೆ ಹೊರಿಸಿಕೊಂಡಿರುವ ಅಪವಾದವನ್ನು ಮೊದಲು ಇಳಿಸಿಬಿಡಿ.

ಇನ್ನು ಮನೆಯವರ ವಾದಕ್ಕೆ ಬರೋಣ. ಅವರು ಹೇಳುವುದರಲ್ಲಿ ಅರ್ಧ ನಿಜವಿದೆ. ಲೋಕಸಭೆಯ ದಿನದ ಕಾರ್ಯಕಲಾಪದಲ್ಲಿ ಪ್ರಶ್ನೋತ್ತರದ ಅವಧಿ ಮುಗಿದ ಮೇಲೆ ‘ಪೇಪರ್ಸ್ ಲೇಡ್ ಆನ್ ದ ಟೇಬಲ್’ ಎಂಬ ಬಾಬತ್ತು ಬರುತ್ತದೆ. ಹಿಂದಿಯಲ್ಲೂ ಮರಾಠಿಯಲ್ಲೂ ಇದನ್ನು ಸದನದ ‘ಪಟಲದ’ ಮೇಲೆ ಇಡುವುದು ಎನ್ನುತ್ತಾರೆ; ನಮ್ಮ ವಿಧಾನಸಭೆಯ ಕನ್ನಡದಲ್ಲಿ ಇವು ಸದನದ ಮುಂದಿಡಲಾಗುವ ಕಾಗದಪತ್ರಗಳು. ಸಂವಿಧಾನದ 151ನೆಯ ವಿಧಿಯಂತೆ ಮಹಾಲೇಖಪಾಲರ (ಸಿಎಜಿ) ವರದಿಗಳನ್ನು ಸದನದ ಮುಂದೆ ಇಡಿಸಬೇಕು, ಮರುದಿನ ಇಂಗ್ಲಿಷ್ ಪತ್ರಿಕೆಗಳು ‘ಸಿಎಜಿ ರಿಪೋರ್ಟ್ ಟೇಬಲ್ಡ್’ ಎಂದು ಶೀರ್ಷಿಕೆ ಕೊಡುತ್ತವೆ. ಇದು ಬ್ರಿಟಿಷ್ ಸಂಸತ್ತಿನಿಂದ ನಮಗೆ ಬಂದ ಬಳಕೆ. ಅಲ್ಲಿಯ ಕಾಮನ್ಸ್ ಸಭೆಯಲ್ಲಿ ಸದಸ್ಯರು ಪ್ರಶ್ನೆ, ಪ್ರಸ್ತಾವಗಳನ್ನು ಒಪ್ಪಿಸುವ ಕಚೇರಿಗೆ ಇಂದಿಗೂ ‘ಟೇಬಲ್ ಆಫೀಸ್’ ಎಂದೇ ಹೆಸರಿದೆ.

ಆದರೆ ಇಲ್ಲೇ ಒಂದು ಸೂಕ್ಷ್ಮವಿದೆ, ಅದು ನಿಮ್ಮ ಮನೆಯವರ ವಾದದಲ್ಲಿ ಜಾರಿಹೋಗಿದೆ. ನಮ್ಮ ಸಂಸತ್ತಿನಲ್ಲಿ ‘ಟೇಬಲ್’ ಆದ ಕಾಗದವೆಲ್ಲ ಚರ್ಚೆಗೆ ಬರುತ್ತದೆಂದೇನೂ ಇಲ್ಲ. ಸಚಿವರು ಎದ್ದು ನಿಂತು ವಾರ್ಷಿಕ ವರದಿ, ಅಧಿಸೂಚನೆಗಳ ಪ್ರತಿಗಳನ್ನು ಮಂಡಿಸಿ ಕುಳಿತುಬಿಡುತ್ತಾರೆ. ಅವುಗಳಲ್ಲಿ ಎಷ್ಟೋ ಕಾಗದಗಳ ಬಗ್ಗೆ ಸದನದಲ್ಲಿ ಯಾರೂ ಒಂದು ಮಾತನ್ನೂ ಆಡುವುದಿಲ್ಲ. ಅಂದರೆ ನಮ್ಮ ಅರ್ಥದಲ್ಲಿ ತೆಗೆದುಕೊಂಡರೂ ‘ಟೇಬಲ್’ ಎಂಬುದು ‘ವಿಧಿಪೂರ್ವಕವಾಗಿ ಮುಂದಿಟ್ಟರು’ ಎನ್ನುವಷ್ಟನ್ನೇ ಹೇಳುತ್ತದೆ. ‘ಚರ್ಚಿಸಿದರು’ ಎಂದಾಗಲಿ ‘ಒಪ್ಪಿದರು’ ಎಂದಾಗಲಿ ಹೇಳುವುದಿಲ್ಲ.

ಹಾಗಾದರೆ ಅಮೆರಿಕದಲ್ಲಿ ಅರ್ಥ ತಲೆಕೆಳಗಾದದ್ದು ಹೇಗೆ? ಹುಬ್ಬಳ್ಳಿ, ಧಾರವಾಡದ ಕಡೆ ಸರ್ಕಾರಿ ಕಚೇರಿಗೆ ಅಲೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ನಿಮ್ಮ ಫೈಲ್ ಸಾಹೇಬರ ಟೇಬಲ್ ಮ್ಯಾಲೆ ಐತ್ರಿ’ ಎಂದು ಗುಮಾಸ್ತರು ಹೇಳಿದಾಗ, ಕಡತ ಸರಿಯಾದ ಜಾಗಕ್ಕೆ ತಲುಪಿದೆ ಎಂದು ಒಬ್ಬ ಸಮಾಧಾನಪಟ್ಟರೆ, ಅದು ಅಲ್ಲಿಂದ ಏಳುವುದಿಲ್ಲ ಎಂದು ಇನ್ನೊಬ್ಬ ನಿಟ್ಟುಸಿರು ಬಿಡುತ್ತಾನೆ. ಮೇಜು ಒಂದೇ, ಕಾಗದವೂ ಒಂದೇ. ಬ್ರಿಟಿಷರ ಮಾತಿನಲ್ಲಿ ಕಾಗದ ಮೇಜಿಗೆ ಬಂದು ತಲುಪಿದ ಗಳಿಗೆಗೆ ಒತ್ತು ಬಿದ್ದಿದೆ. ಅಮೆರಿಕದವರ ಮಾತಿನಲ್ಲಿ ಅದು ಮೇಜಿನ ಮೇಲೆ ಸುಮ್ಮನೆ ಬಿದ್ದಿರುವ ಅವಧಿಗೆ ಒತ್ತು ಬಿದ್ದಿದೆ.

ಈ ಎರಡನೆಯ ಅರ್ಥವನ್ನು ಅಮೆರಿಕದವರು ತಾವಾಗಿ ಹುಟ್ಟಿಸಿದರು, ಇಂಗ್ಲಿಷನ್ನು ಕೆಡಿಸಿದರು ಎಂಬ ಮಾತು ನಿಲ್ಲುವುದಿಲ್ಲ. ಬ್ರಿಟಿಷ್ ಸಂಸತ್ತಿನಲ್ಲೇ ಹಿಂದೆ ಅರ್ಜಿ, ವರದಿಗಳ ಬಗ್ಗೆ ‘ಮೇಜಿನ ಮೇಲೆ ಬಿದ್ದಿರಲಿ’ ಎಂದು ಆದೇಶಿಸುವ ಪದ್ಧತಿ ಇತ್ತು. ಥಾಮಸ್ ಜೆಫರ್ಸನ್ ಅಮೆರಿಕದ ಸೆನೆಟ್ಟಿಗಾಗಿ ಬ್ರಿಟಿಷ್ ಪದ್ಧತಿಯನ್ನು ಆಧರಿಸಿಯೇ ಬರೆದು 1801ರಲ್ಲಿ ಪ್ರಕಟಿಸಿದ ಕೈಪಿಡಿಯಲ್ಲಿ, ಸದನಕ್ಕೆ ಸದ್ಯ ಬೇರೆ ಕೆಲಸವಿದ್ದು, ಒಂದು ಪ್ರಸ್ತಾವವನ್ನು ಮುಂದೆ ತನಗೆ ಅನುಕೂಲವಾದಾಗ ಎತ್ತಿಕೊಳ್ಳುವ ಅಧಿಕಾರವನ್ನು ಉಳಿಸಿಕೊಳ್ಳಬೇಕೆನಿಸಿದರೆ ಅದನ್ನು ಮೇಜಿನ ಮೇಲಿರಿಸಲು ಆದೇಶಿಸುತ್ತದೆ ಎಂಬ ವಿವರಣೆ ಇದೆ. ಮುಂದೆ ಅಮೆರಿಕದ ಸೇನೆಯ ಇಂಜಿನಿಯರ್ ಅಧಿಕಾರಿ ಹೆನ್ರಿ ರಾಬರ್ಟ್ 1876ರಲ್ಲಿ ಸಭಾನಿಯಮಗಳ ಪುಸ್ತಕವೊಂದನ್ನು ಹೊರತಂದರು. ಅಲ್ಲಿಯ ಕ್ಲಬ್ಬು, ಸಂಘಸಂಸ್ಥೆಗಳಲ್ಲಿ ಆ ಪುಸ್ತಕವೇ ಪ್ರಮಾಣವಾಗಿ ಬೆಳೆಯಿತು. ಅದರಲ್ಲಿ ‘ಲೇ ಆನ್ ದ ಟೇಬಲ್’ ಎಂಬುದು ಒಂದು ನಿರ್ದಿಷ್ಟ ಸೂಚನೆ: ಹೆಚ್ಚು ತುರ್ತಾದ ಕೆಲಸ ಬಂದಾಗ ಕೈಯಲ್ಲಿರುವ ವಿಷಯವನ್ನು ತಾತ್ಕಾಲಿಕವಾಗಿ ಬದಿಗಿಡುವುದು, ಅನಂತರ ‘ಟೇಕ್ ಫ್ರಮ್ ದ ಟೇಬಲ್’ ಎಂಬ ಇನ್ನೊಂದು ಸೂಚನೆಯಿಂದ ಅದನ್ನು ಮರಳಿ ಎತ್ತಿಕೊಳ್ಳುವುದು. ಶಾಲೆಯ ವಿದ್ಯಾರ್ಥಿ ಸಂಘದಿಂದ ಹಿಡಿದು ಚರ್ಚಿನ ಸಮಿತಿಯವರೆಗೆ ಈ ಪದ್ಧತಿಯನ್ನೇ ಕಂಡು ಬೆಳೆದ ಒಬ್ಬ ಅಮೆರಿಕನ್ನರಿಗೆ, ‘ಟೇಬಲ್’ ಎಂಬುದಕ್ಕೆ ಬೇರೆ ಅರ್ಥವೊಂದಿದೆ ಎಂಬುದೇ ಎಷ್ಟೋ ಸಲ ಗೊತ್ತಿರುವುದಿಲ್ಲ. ನಿಮಗೂ ಗೊತ್ತಿರಲಿಲ್ಲವಲ್ಲ, ಹಾಗೆಯೇ.

ಇದರಿಂದ ಪೇಚಿಗೆ ಸಿಕ್ಕವರಲ್ಲಿ ದೊಡ್ಡ ದೊಡ್ಡವರಿದ್ದಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಮತ್ತು ಅಮೆರಿಕನ್ ಸೇನಾಧಿಕಾರಿಗಳು ಒಟ್ಟಿಗೆ ಕುಳಿತ ಆರಂಭದ ದಿನಗಳ ಒಂದು ಪ್ರಸಂಗವನ್ನು ಚರ್ಚಿಲ್ ತಮ್ಮ ಯುದ್ಧದ ಇತಿಹಾಸದಲ್ಲಿ ದಾಖಲಿಸಿದ್ದಾರೆ. ಬ್ರಿಟಿಷರು ಒಂದು ಟಿಪ್ಪಣಿಯನ್ನು ತುರ್ತಾಗಿ ಚರ್ಚಿಸಬೇಕೆಂದು ಅದನ್ನು ‘ಟೇಬಲ್’ ಮಾಡುತ್ತೇವೆ ಎಂದರು. ಅದನ್ನು ಡ್ರಾಯರಿನಲ್ಲಿ ಹಾಕಿ ಮರೆಯುವುದೆಂದೇ ಅಮೆರಿಕದವರು ತಿಳಿದರು. ದೀರ್ಘವಾದ, ಕಹಿಯೂ ಆದ ವಾಗ್ವಾದ ನಡೆದ ಮೇಲಷ್ಟೇ ಇಬ್ಬರಿಗೂ ಬೇಕಾಗಿದ್ದುದು ಒಂದೇ ಎಂದು ತಿಳಿಯಿತು. ಎರಡೂ ಕಡೆ ಇದ್ದವರು ಇಂಗ್ಲಿಷನ್ನು ತಾಯಿಭಾಷೆಯಾಗಿ ಆಡುವವರು ಎಂಬುದನ್ನು ನಿಮ್ಮ ಲೀಡ್‌ಗೆ ಬೇಕಾದರೆ ಹೇಳಬಹುದು, ಕಾಫಿ ಕುಡಿಯುವಾಗ.

ಈಗ ನಿಮ್ಮನ್ನು ಹೆಚ್ಚು ಕಾಡುತ್ತಿರುವ ಪ್ರಶ್ನೆ: ಸಲಹೆ ಮುಗಿದುಹೋಯಿತೇ? ‘ಬೇಡವೆಂದದ್ದು’ ಎಂಬ ನಿಮ್ಮ ಲೀಡ್ ಅವರ ವ್ಯಾಖ್ಯಾನವನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಅಮೆರಿಕದ ಕೆಳಸದನವಾದ ಪ್ರತಿನಿಧಿ ಸಭೆಯಲ್ಲಿ ಒಂದು ಪ್ರಸ್ತಾವವನ್ನು ‘ಟೇಬಲ್’ ಮಾಡಿದರೆ ಅದು ಚರ್ಚೆಯಿಲ್ಲದೆ ಬಿದ್ದುಹೋದಂತೆಯೇ. ಆದರೆ ರಾಬರ್ಟರ ನಿಯಮದಲ್ಲಿ ಅದು ತಾತ್ಕಾಲಿಕ, ನಿಗದಿತ ಅವಧಿಯೊಳಗೆ ಯಾರೂ ಎತ್ತಿಕೊಳ್ಳದಿದ್ದರೆ ಮಾತ್ರ ಬೀಳುತ್ತದೆ. ಕಚೇರಿಯ ಆಡುಮಾತು ಇವೆರಡರ ನಡುವೆ ಎಲ್ಲೋ ಇದೆ, ಆ ನಡುವಿನ ಜಾಗ ಬಹಳ ಅಗಲವಾಗಿದೆ. ‘ಲೆಟ್ಸ್ ಟೇಬಲ್ ಇಟ್ ಟಿಲ್ ಥರ್ಸ್‌ಡೇ’ ಎಂದರೆ ಗುರುವಾರದವರೆಗೆ ಮುಂದೂಡಿದ್ದಾರೆ, ಅಷ್ಟೇ. ‘ಲೆಟ್ಸ್ ಟೇಬಲ್ ಇಟ್ ಫಾರ್ ನೌ’ ಎಂದರೆ ಈಗ ಸಮಯವಿಲ್ಲ, ನೆನಪಿಸಿದರೆ ಬೇಸರಪಡುವುದಿಲ್ಲ. ದಿನಾಂಕವೂ ಇಲ್ಲದೆ ‘ಫಾರ್ ನೌ’ ಕೂಡ ಇಲ್ಲದೆ, ಮುಂದಿನ ವಿಷಯಕ್ಕೆ ಹಾರುತ್ತ ಹೇಳಿದ ‘ಟೇಬಲ್ ಇಟ್’ ಮಾತ್ರ ಸೌಜನ್ಯದ ನಿರಾಕರಣೆಯೂ ಆಗಿರಬಹುದು, ಬರೀ ಸಮಯದ ಅಭಾವವೂ ಆಗಿರಬಹುದು.

ನಿಮ್ಮ ಪ್ರಸಂಗ ಈ ಮೂರನೆಯ ಬಗೆಯದು. ‘ಗ್ರೇಟ್ ಪಾಯಿಂಟ್’ ಎಂಬ ಮಾತಿಗೆ ಹೆಚ್ಚು ತೂಕ ಕೊಡಬೇಡಿ, ಅಮೆರಿಕದ ಸಭೆಗಳಲ್ಲಿ ಅದು ‘ಹೂಂ, ಕೇಳಿಸಿತು’ ಎಂಬಷ್ಟಕ್ಕೇ ಬಳಕೆಯಾಗುವುದುಂಟು. ಹಾಗೆಂದು ಅದನ್ನು ವ್ಯಂಗ್ಯವೆಂದೂ ಎಣಿಸಬೇಡಿ. ಬೇಡವೇ ಆಗಿದ್ದರೆ ಕಾರಣ ಹೇಳಿ ಮುಗಿಸುವ ಅವಕಾಶ ಆ ಮ್ಯಾನೇಜರರಿಗೆ ಇತ್ತು, ಅವರು ಹಾಗೆ ಮಾಡಲಿಲ್ಲ. ಇನ್ನು ಅವರ ಒಂದು ಸಾಲಿನ ಉತ್ತರವನ್ನು ಮತ್ತೊಮ್ಮೆ ಓದಿ ನೋಡಿ. ‘ಐ ಥಾಟ್ ವಿ ಟೇಬಲ್ಡ್ ದಿಸ್’ ಎಂಬುದನ್ನು ನಮ್ಮ ಅರ್ಥದಲ್ಲಿ ಓದಿದರೆ ‘ಇದನ್ನು ಚರ್ಚೆಗೆ ತೆಗೆದುಕೊಂಡೆವಲ್ಲ’ ಎಂದು ಒಪ್ಪಿಗೆಯಂತೆ ಕೇಳಿಸುತ್ತದೆ, ಅವರ ಅರ್ಥದಲ್ಲಿ ‘ಇದನ್ನು ಬದಿಗಿಟ್ಟಿದ್ದೆವಲ್ಲ’ ಎಂಬ ಗೊಂದಲದ ಪ್ರಶ್ನೆಯಾಗುತ್ತದೆ. ಅದರಲ್ಲಿ ಸಿಟ್ಟಿಗಿಂತ ಗೊಂದಲವೇ ಹೆಚ್ಚಿದೆ ಎಂಬುದು ನನ್ನ ಅಂದಾಜು. ಗೊಂದಲವನ್ನು ಬಿಡಿಸುವುದು ಸುಲಭ.

ಬಿಡಿಸಲು ಮೂರು ದಾರಿಗಳಿವೆ. ಏನೂ ಬರೆಯದೆ ಸುಮ್ಮನಿರುವುದು ಒಂದು. ಇದರಲ್ಲಿ ಹೊಸ ಮುಜುಗರವಿಲ್ಲ. ಆದರೆ ನಿರ್ಧಾರವನ್ನು ಲೆಕ್ಕಿಸದೆ ತಮ್ಮ ಮಾತನ್ನೇ ಹಿಡಿದು ಕೂರುವವರು ಎಂಬ ಅಭಿಪ್ರಾಯ ಆ ಕಡೆ ಉಳಿದುಬಿಡುವ ಅಪಾಯವಿದೆ, ಅಪ್ರೈಸಲ್ ಹೊತ್ತಿಗೆ ಅದು ಯಾವ ರೂಪದಲ್ಲಿ ಏಳುತ್ತದೋ ಹೇಳಲಾಗದು. ಉದ್ದನೆಯ ಕ್ಷಮಾಪಣೆಯ ಮೇಲ್ ಬರೆಯುವುದು ಇನ್ನೊಂದು. ನಮ್ಮವರು ಸಾಮಾನ್ಯವಾಗಿ ಹಿಡಿಯುವುದು ಈ ದಾರಿಯನ್ನೇ, ನಾನು ಬೇಡವೆನ್ನುವುದೂ ಇದನ್ನೇ. ಆಗಿರುವುದು ಅಪರಾಧವಲ್ಲ; ನಾಲ್ಕು ಸಲ ‘ಸಾರಿ’ ಎಂದರೆ ಓದುವವರು ಅದನ್ನು ಅಪರಾಧವೆಂದೇ ತಿಳಿಯುತ್ತಾರೆ. ಮೂರನೆಯದು ಅರ್ಥವ್ಯತ್ಯಾಸವನ್ನು ಎರಡು ಸಾಲಿನಲ್ಲಿ ಹೇಳಿ ಬಾಗಿಲನ್ನು ತೆರೆದಿಡುವುದು. ಹೀಗೆ ಬರೆಯಬಹುದು: ‘ಥ್ಯಾಂಕ್ಸ್ ಫಾರ್ ಕ್ಲಾರಿಫೈಯಿಂಗ್. ಇನ್ ಇಂಡಿಯಾ, ಟು ಟೇಬಲ್ ಸಮ್‌ಥಿಂಗ್ ಮೀನ್ಸ್ ಟು ಬ್ರಿಂಗ್ ಇಟ್ ಅಪ್, ಸೋ ಐ ಟುಕ್ ಇಟ್ ದಟ್ ವೇ. ದ ಸ್ಲೈಡ್ಸ್ ಆರ್ ರೆಡಿ ವೆನೆವರ್ ಯು ವುಡ್ ಲೈಕ್ ಟು ಪಿಕ್ ದಿಸ್ ಅಪ್.’ ಇದರ ಅಪಾಯ ಇಷ್ಟೇ: ಧಾಟಿ ಸ್ವಲ್ಪ ಬಿಗಿಯಾದರೆ ಕ್ಲೈಂಟಿಗೆ ಇಂಗ್ಲಿಷ್ ಪಾಠ ಹೇಳಿದಂತೆ ಕೇಳಿಸುತ್ತದೆ. ಆದ್ದರಿಂದ ಬ್ರಿಟನ್ನು, ನಿಘಂಟು, ಚರ್ಚಿಲ್ ಯಾರನ್ನೂ ಈ ಮೇಲ್‌ಗೆ ಕರೆತರಬೇಡಿ. ಕಳಿಸುವ ಮುನ್ನ ನಿಮ್ಮ ಲೀಡ್‌ಗೆ ತೋರಿಸಿ. ತಮ್ಮನ್ನು ದಾಟಿ ಕ್ಲೈಂಟಿಗೆ ಬರೆದರು ಎಂದು ಅವರಿಗೆ ಅನ್ನಿಸಬಾರದು. ಜೊತೆಗೆ, ನಿಜವಾಗಿ ಏನಾಯಿತೆಂದು ಅವರಿಗೂ ತಿಳಿದಂತಾಗುತ್ತದೆ.

ಆ ಮೇಲ್ ಕಳಿಸಿದ ಮೇಲೆ ಕೆಲವು ವಾರ ವಿಷಯವನ್ನು ನೀವಾಗಿ ಎತ್ತದಿರುವುದು ಒಳ್ಳೆಯದು. ಮುಂದಿನ ರಿಲೀಸಿನ ಪ್ಲ್ಯಾನಿಂಗ್ ಸಭೆ ಬಂದಾಗ ‘ನಾವು ಬದಿಗಿಟ್ಟಿದ್ದ ಆಟೊಮೇಷನ್ ವಿಷಯಕ್ಕೆ ಇದು ಸೂಕ್ತ ಸಮಯವೇ?’ ಎಂದು ಒಂದು ಸಲ ಕೇಳಿ. ಅವರದೇ ಪದ್ಧತಿಯಂತೆ ಬದಿಗಿಟ್ಟದ್ದನ್ನು ಮೇಜಿನಿಂದ ಎತ್ತಿಕೊಳ್ಳುವ ಹಕ್ಕು ಸಭೆಗೆ ಇದ್ದೇ ಇದೆ. ಆಗಲೂ ದಿನಾಂಕ ಸಿಗದಿದ್ದರೆ ಉತ್ತರ ‘ಇಲ್ಲ’ ಎಂದೇ ತಿಳಿದು ಸ್ಲೈಡುಗಳನ್ನು ಜೋಪಾನ ಮಾಡಿಕೊಳ್ಳಿ.

ಇನ್ನು ಮುಂದಿನ ಕಾಲ್‌ಗಳ ಮಾತು. ಎದುರಿನವರು ಯಾವ ದೇಶದವರೇ ಆಗಿರಲಿ, ‘ಟೇಬಲ್’ ಎಂಬ ಕ್ರಿಯಾಪದ ಕೇಳಿದ ತಕ್ಷಣ ಅದನ್ನು ದಿನಾಂಕಕ್ಕೆ ತಿರುಗಿಸಿ ಕೇಳಿ: ‘ಸೋ ವಿ ಕಮ್ ಬ್ಯಾಕ್ ಟು ದಿಸ್ ನೆಕ್ಸ್ಟ್ ವೀಕ್, ರೈಟ್?’ ಅರ್ಥ ಗೊತ್ತಾಗಲಿಲ್ಲ ಎಂದು ಇದರಿಂದ ಯಾರಿಗೂ ಅನ್ನಿಸುವುದಿಲ್ಲ. ಕೆಲಸದಲ್ಲಿ ಅಚ್ಚುಕಟ್ಟಾಗಿದ್ದಾರೆ ಎಂದೇ ಅನ್ನಿಸುತ್ತದೆ. ಅವರ ಉತ್ತರ ‘ನೋ, ಲೆಟ್ಸ್ ಡೂ ಇಟ್ ನೌ’ ಎಂದೋ ‘ಮೇ ಬಿ ನೆಕ್ಸ್ಟ್ ಕ್ವಾರ್ಟರ್’ ಎಂದೋ ಬಂದಾಗ ಅರ್ಥ ತಾನಾಗಿ ಬಿಚ್ಚಿಕೊಳ್ಳುತ್ತದೆ. ನೀವೇ ಮಾತನಾಡುವಾಗ ಆ ಕ್ರಿಯಾಪದವನ್ನು ಕ್ಲೈಂಟಿನ ಮುಂದೆ ಬಳಸಲೇಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಎತ್ತಿಕೊಳ್ಳಬೇಕಾದರೆ ‘ಬ್ರಿಂಗ್ ಅಪ್’, ಬದಿಗಿಡಬೇಕಾದರೆ ‘ಸೆಟ್ ಅಸೈಡ್’ ಎಂದರೆ ಎಲ್ಲ ದೇಶಗಳಲ್ಲೂ ಒಂದೇ ಅರ್ಥ. ಒಂದು ಕಡೆ ಲಂಡನ್ನಿನವರು, ಇನ್ನೊಂದು ಕಡೆ ಡಲ್ಲಾಸ್‌ನವರು ಇರುವ ಕಾಲ್‌ಗಳಲ್ಲಂತೂ ಅದನ್ನು ಬಳಸಿದರೆ ಅರ್ಧ ಜನಕ್ಕೆ ಖಂಡಿತ ತಪ್ಪು ತಿಳಿಯುತ್ತದೆ.

ಹೀಗೆಂದು ‘ಟೇಬಲ್’ ಸೇರಿದ ಎಲ್ಲ ನುಡಿಗಟ್ಟುಗಳಿಗೂ ಅಂಜಬೇಕಾಗಿಲ್ಲ. ತೊಡಕಿರುವುದು ಕ್ರಿಯಾಪದದಲ್ಲಿ ಮಾತ್ರ. ‘ಆನ್ ದ ಟೇಬಲ್’ ಎಂದರೆ ಪರಿಶೀಲನೆಯಲ್ಲಿದೆ, ‘ಆಫ್ ದ ಟೇಬಲ್’ ಎಂದರೆ ಇನ್ನು ಆ ಮಾತಿಲ್ಲ. ಇವು ಎರಡೂ ಕಡೆ ಒಂದೇ. ವಿಚಿತ್ರವೆಂದರೆ ಅಮೆರಿಕದವರೊಬ್ಬರು ‘ಪುಟ್ ಇಟ್ ಆನ್ ದ ಟೇಬಲ್’ ಎಂದರೆ ಮುಂದಿಡಿ ಎಂದು, ‘ಟೇಬಲ್ ಇಟ್’ ಎಂದರೆ ಬದಿಗಿಡಿ ಎಂದು. ‘ಅಂಡರ್ ದ ಟೇಬಲ್’ ಎಂದರೇನೆಂದು ನಮ್ಮವರಿಗೆ ಯಾರೂ ಕಲಿಸಬೇಕಾಗಿಲ್ಲ. ‘ಟರ್ನ್ ದ ಟೇಬಲ್ಸ್’ ಎಂಬುದಕ್ಕೂ ಸಭೆಗೂ ಸಂಬಂಧವೇ ಇಲ್ಲ, ಅದು ಬ್ಯಾಕ್‌ಗ್ಯಾಮನ್ ಜಾತಿಯ ಹಾಸಿನ ಆಟಗಳಿಂದ ಬಂದದ್ದು.

ಆದರೆ ಇದೇ ಸ್ವಭಾವದ ಬೇರೆ ಎರಡು ಮೂರು ಮಾತುಗಳ ಮೇಲೆ ಕಣ್ಣಿರಲಿ. ‘ಮೂಟ್ ಪಾಯಿಂಟ್’ ಎಂದರೆ ಬ್ರಿಟಿಷರಿಗೆ ಚರ್ಚಾಸ್ಪದವಾದದ್ದು, ಪುಣೆಯ ಕಾನೂನು ಕಾಲೇಜುಗಳ ಮೂಟ್ ಕೋರ್ಟುಗಳಲ್ಲಿ (ವಿದ್ಯಾರ್ಥಿಗಳ ಅಣಕು ನ್ಯಾಯಾಲಯಗಳಲ್ಲಿ) ಆ ಹಳೆಯ ಅರ್ಥ ಇನ್ನೂ ಉಳಿದಿದೆ. ಅಮೆರಿಕದ ಆಡುಮಾತಿನಲ್ಲಿ ಅದು ಚರ್ಚಿಸಿ ಪ್ರಯೋಜನವಿಲ್ಲದ್ದು. ‘ಕ್ವೈಟ್ ಗುಡ್’ ಅಮೆರಿಕದವರ ಬಾಯಲ್ಲಿ ಹೊಗಳಿಕೆ, ಲಂಡನ್ನಿನವರ ಬಾಯಲ್ಲಿ ‘ಪರವಾಗಿಲ್ಲ’ ಎಂಬಷ್ಟೇ ಆಗಿರಬಹುದು. ನಾವು ಮೇಲ್‌ನಲ್ಲಿ ಉತ್ತರಿಸುತ್ತೇನೆ ಎನ್ನಲು ಬರೆಯುವ ‘ಐ ವಿಲ್ ರಿವರ್ಟ್’ ಅಮೆರಿಕದವರಿಗೆ ಹಿಂದಿನ ಸ್ಥಿತಿಗೆ ಮರಳುತ್ತೇನೆ ಎಂಬಂತೆ ಕೇಳಿಸುತ್ತದೆ. ಸಾಫ್ಟ್‌ವೇರಿನವರು ಅದನ್ನು ಓದಿ ಮಾಡಿದ ಬದಲಾವಣೆಯನ್ನೇ ಹಿಂತೆಗೆದುಕೊಳ್ಳುತ್ತಾರೇನೋ ಎಂದು ಗಾಬರಿಯಾದರೆ ಆಶ್ಚರ್ಯವಿಲ್ಲ.

ಕೊನೆಗೆ ನಿಮ್ಮ ಸೊಸೈಟಿಯ ಮಿನಿಟ್ಸ್. ಅಲ್ಲಿ ‘ಟೇಬಲ್ಡ್’ ಎಂದು ಬರೆದದ್ದು ತಪ್ಪಲ್ಲ. ಓದುವವರು ವಾಕಡ್‌ನ ಸದಸ್ಯರು, ಆಡಿಟರು, ಸಹಕಾರ ಇಲಾಖೆಯ ಅಧಿಕಾರಿಗಳು, ಅವರೆಲ್ಲರಿಗೂ ಅದರ ಅರ್ಥ ‘ಮಂಡಿಸಲಾಯಿತು’ ಎಂದೇ. ಆದರೆ ಮೇಲೆ ಸಂಸತ್ತಿನ ಬಗ್ಗೆ ಹೇಳಿದ ಸೂಕ್ಷ್ಮ ಇಲ್ಲಿಗೂ ಅನ್ವಯಿಸುತ್ತದೆ. ಮಹಾರಾಷ್ಟ್ರದ ಸಹಕಾರ ಸಂಘಗಳ ಕಾಯ್ದೆಯಂತೆ ಸೆಪ್ಟೆಂಬರ್ 30ರೊಳಗೆ ನಡೆಸಬೇಕಾದ ವಾರ್ಷಿಕ ಸಭೆಯಲ್ಲಿ ಲೆಕ್ಕಪತ್ರ ಮಂಡನೆಯಾಯಿತು ಎಂದಷ್ಟೇ ಬರೆದು ನಿಲ್ಲಿಸಿದರೆ, ಸಭೆ ಅದನ್ನು ಅಂಗೀಕರಿಸಿತು ಎಂಬುದಕ್ಕೆ ದಾಖಲೆಯೇ ಇರುವುದಿಲ್ಲ. ‘ಟೇಬಲ್ಡ್’ ಎಂಬುದರ ಮುಂದಿನ ಸಾಲಿನಲ್ಲಿ ‘ಅಡಾಪ್ಟೆಡ್’ ಎಂಬುದನ್ನೂ, ಸೂಚಿಸಿದವರ ಮತ್ತು ಅನುಮೋದಿಸಿದವರ ಹೆಸರುಗಳನ್ನೂ ಬರೆಯಿರಿ. ಹಿಂದಿನ ವರ್ಷಗಳ ಮಿನಿಟ್ಸ್‌ನಲ್ಲಿ ಅದು ಬಿಟ್ಟುಹೋಗಿದ್ದರೆ ಪುಸ್ತಕದಲ್ಲಿ ಈಗ ನೀವಾಗಿ ತಿದ್ದಬೇಡಿ. ನಿಮ್ಮ ಆಡಿಟರನ್ನು ಕೇಳಿ, ಬರುವ ಸಭೆಯ ಮುಂದಿಟ್ಟು ಸರಿಪಡಿಸಿಕೊಳ್ಳಿ.